ಪಂಪು ತಿರುಗುತ್ತದೆ, ನೀರು ಏರುವುದಿಲ್ಲ: ಚೌಕಿಪೇಟೆಯ ಬೇಸ್‌ಮೆಂಟಿನ ಬ್ಯಾಟರಿ ಪಂಪು ರಿಪೇರಿ

ದೂರು ಇಷ್ಟೇ. ಬೇಸ್‌ಮೆಂಟಿಗೆ ಜಿನುಗುವ ನೀರನ್ನು ಹೊರಹಾಕಲು ಎರಡು ಪಂಪು, ಒಂದು ಕರೆಂಟಿನದು, ಇನ್ನೊಂದು ಬ್ಯಾಟರಿಯದು. ಕರೆಂಟ್ ಇದ್ದಾಗ ಎಲ್ಲ ಸರಿ. ಕರೆಂಟ್ ಹೋದರೆ ಬ್ಯಾಟರಿ ಪಂಪು ಆನ್ ಆಗುತ್ತದೆ, ಗುಂಯ್ ಅನ್ನುತ್ತದೆ, ಆದರೆ ಚರಂಡಿಗೆ ಹೋಗುವ ಪೈಪಿನಲ್ಲಿ ನೀರೇ ಬರುವುದಿಲ್ಲ. ಹಿಂದೆ ಬಂದು ನೋಡಿದವರು "ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ" ಅಂದು ಹೋಗಿದ್ದರು. ಅಂಗಡಿಯ ಸಾಹುಕಾರ್ರು ನನಗೆ ಫೋನ್ ಮಾಡಿದ್ದೂ ಹೊಸ ಬ್ಯಾಟರಿಯ ರೇಟು ಕೇಳಲಿಕ್ಕೇ.

"ತಮ್ಮಾ, ಬ್ಯಾಟರಿ ಎಷ್ಟಾಗ್ತದೆ ಹೇಳು, ಈ ವಾರ ಹಾಕಿಸಿಬಿಡೋಣ."

"ಹೇಳ್ತೀನಿ ಸಾಹುಕಾರ್ರೇ, ಮೊದಲು ಮೀಟರ್ ಇಟ್ಟು ನೋಡ್ತೀನಿ."

ದಾವಣಗೆರೆಯ ಚೌಕಿಪೇಟೆ ಕಡೆಯ ಹಳೆಯ ಬಟ್ಟೆ ಅಂಗಡಿ ಅದು. ಮೇಲೆ ಅಂಗಡಿ, ಕೆಳಗೆ ಬೇಸ್‌ಮೆಂಟಿನಲ್ಲಿ ಗೋಡೌನು. ನಮ್ಮೂರಿನ ಸುತ್ತ ಎರೆ ಮಣ್ಣು ಇರುವ ಕಡೆ ಬೇಸ್‌ಮೆಂಟ್ ಕಟ್ಟಿದವರಿಗೆ ಈ ಗೋಳು ಗೊತ್ತೇ ಇದೆ. ಆ ಮಣ್ಣು ಒಂದು ಸಲ ನೀರು ಕುಡಿಯಿತೆಂದರೆ ಬೇಗ ಬಿಡುವುದಿಲ್ಲ. ಮಳೆ ನಿಂತು ಬಿಸಿಲು ಬಂದ ಮೇಲೂ ಗೋಡೆಯ ಬುಡದಿಂದ ಜಿನುಗುತ್ತಲೇ ಇರುತ್ತದೆ. ಊರಾಚೆ ಗದ್ದೆ ಪಕ್ಕದ ಬಡಾವಣೆಗಳಲ್ಲಿ ಇನ್ನೊಂದು ತರಹ, ಅಲ್ಲಿ ಮಳೆಯೇ ಇಲ್ಲದಿದ್ದರೂ ಭದ್ರಾ ನಾಲೆಗೆ ನೀರು ಬಿಟ್ಟ ದಿನಗಳಲ್ಲಿ ಗುಂಡಿ ತುಂಬುವುದುಂಟು. ಅದಕ್ಕೇ ಬೇಸ್‌ಮೆಂಟಿನ ಮೂಲೆಯಲ್ಲಿ ಒಂದು ಕಾಂಕ್ರೀಟ್ ಗುಂಡಿ, ಅದರಲ್ಲಿ ಅರ್ಧ ಎಚ್‌ಪಿ ಸಬ್‌ಮರ್ಸಿಬಲ್ ಪಂಪು. ಗುಡುಗು ಮಳೆ ಶುರುವಾದರೆ ಮೊದಲು ಹೋಗುವುದು ಕರೆಂಟ್ ಅಲ್ವಾ? ಹಾಗಾಗಿ ಪಕ್ಕದಲ್ಲೇ 12 ವೋಲ್ಟಿನ ಡಿಸಿ ಪಂಪು, 150 ಆಂಪ್ ಅವರ್ ಟ್ಯೂಬುಲರ್ ಬ್ಯಾಟರಿ, ಒಂದು ಚಾರ್ಜರ್.

ಮನೆ ಇನ್ವರ್ಟರಿನಿಂದ ದೊಡ್ಡ ಪಂಪನ್ನೇ ಓಡಿಸಬಾರದೇ ಅಂತ ಸುಮಾರು ಜನ ಕೇಳುತ್ತಾರೆ. ಅರ್ಧ ಎಚ್‌ಪಿ ಪಂಪು ಓಡುವಾಗ ಮೂರೂವರೆ ನಾಲ್ಕು ಆಂಪ್ ಎಳೆಯುತ್ತದೆ, ಸರಿ. ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಅದರ ನಾಲ್ಕರಿಂದ ಆರು ಪಟ್ಟು ಬೇಕು. ಫ್ಯಾನು, ಲೈಟಿಗೆ ಅಂತ ತಂದ 850 ವಿಎ ಇನ್ವರ್ಟರ್ ಅಲ್ಲೇ ಓವರ್‌ಲೋಡ್ ಅಂತ ಕೂಗಿ ಮಲಗುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಹೇಗೋ ಸ್ಟಾರ್ಟ್ ಆದರೂ ಮೋಟರ್ ಗುರ್ ಅಂತ ಬಿಸಿಯಾಗುತ್ತದೆ. ಈ ಕೆಲಸಕ್ಕೆ ಬ್ಯಾಟರಿಯಿಂದ ನೇರವಾಗಿ ಓಡುವ ಡಿಸಿ ಪಂಪೇ ಸರಿ. ಈ ಅಂಗಡಿಯಲ್ಲಿ ಆಯ್ಕೆ ಸರಿಯಾಗಿಯೇ ಇತ್ತು, ಜೋಡಿಸಿದ ರೀತಿ ಮಾತ್ರ ಕೆಟ್ಟಿತ್ತು.

ಗುಂಡಿಗೆ ಕೈ ಹಾಕುವ ಮೊದಲು ದೊಡ್ಡ ಪಂಪಿನ ಪ್ಲಗ್ ಕಿತ್ತು ಹೊರಗಿಟ್ಟೆ. ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೆ ವೈರಿಂಗಿನಲ್ಲಿ ಸ್ವಿಚ್ಚು ನ್ಯೂಟ್ರಲ್ ಮೇಲೆ ಕೂತಿರುವ ಸಾಧ್ಯತೆ ಇರುತ್ತದೆ, ಆಗ ಆಫ್ ಮಾಡಿದರೂ ಪಂಪಿಗೆ ಫೇಸ್ ಬರುತ್ತಲೇ ಇರುತ್ತದೆ. ಈ ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್ಚು) ಇರಲಿಲ್ಲ, ಅರ್ತ್ ವೈರನ್ನು ಪ್ಲಗ್ಗಿನ ಒಳಗೆ ಕತ್ತರಿಸಿ ಬಿಟ್ಟಿದ್ದರು. ನೀರಿನಲ್ಲಿ ನಿಂತು ಕೆಲಸ ಮಾಡುವ ಜಾಗದಲ್ಲಿ ಹೀಗೆ! ಅವೆರಡನ್ನೂ ಮೊದಲು ಸರಿಮಾಡಿ ಆಮೇಲೆ ಮುಂದಿನದಕ್ಕೆ ಕೈ ಹಾಕಿದೆ.

ಈಗ ಮೀಟರ್. ಚಾರ್ಜರ್ ಬಿಚ್ಚಿ, ರಾತ್ರಿಯೆಲ್ಲ ಸುಮ್ನೆ ಬಿಟ್ಟ ಬ್ಯಾಟರಿ 12.7 ವೋಲ್ಟ್ ತೋರಿಸಿತು. ತುಂಬಿದ ಬ್ಯಾಟರಿಯ ಲೆಕ್ಕ ಅದು. ಇಷ್ಟು ನೋಡಿಯೇ ಬ್ಯಾಟರಿ ಸರಿಯಿದೆ ಅನ್ನುವವರೂ ಇದ್ದಾರೆ, ಅದೂ ತಪ್ಪೇ. ಸುಮ್ನೆ ಕೂತ ಬ್ಯಾಟರಿಯ ವೋಲ್ಟೇಜಿನಿಂದ ಪೂರ್ತಿ ಗೊತ್ತಾಗುವುದಿಲ್ಲ, ಸತ್ತ ಬ್ಯಾಟರಿಯೂ ಲೋಡ್ ಇಲ್ಲದಾಗ 12.5 ತೋರಿಸಬಲ್ಲದು. ನೋಡಬೇಕಾದದ್ದು ಪಂಪು ಓಡುತ್ತಿರುವಾಗ, ಅದೂ ಎರಡು ಜಾಗದಲ್ಲಿ. ಒಂದು ಬ್ಯಾಟರಿಯ ಕಂಬದ (ಟರ್ಮಿನಲ್) ಮೇಲೇ, ಇನ್ನೊಂದು ಪಂಪಿನ ವೈರ್ ಸೇರುವ ಕಡೆ.

ಫ್ಲೋಟ್, ಅಂದರೆ ನೀರು ಏರಿದಾಗ ತೇಲಿ ಪಂಪು ಆನ್ ಮಾಡುವ ಸ್ವಿಚ್ಚನ್ನು, ಎತ್ತಿ ಹಿಡಿಯಲು ಅಂಗಡಿ ಹುಡುಗನಿಗೆ ಹೇಳಿದೆ. ಪಂಪು ಶುರುವಾಯಿತು. ಬ್ಯಾಟರಿ ಹತ್ತಿರ 12.3. ಪಂಪಿನ ಹತ್ತಿರ 10.4!

ಇಲ್ಲಿಗೇ ಅರ್ಧ ಕೆಲಸ ಮುಗಿದ ಹಾಗೆ. ಬ್ಯಾಟರಿ ಕೊಡುತ್ತಿದೆ, ದಾರಿಯಲ್ಲಿ 1.9 ವೋಲ್ಟ್ ಮಾಯವಾಗುತ್ತಿದೆ. 230 ವೋಲ್ಟಿನ ಲೈನಿನಲ್ಲಿ ಎರಡು ವೋಲ್ಟ್ ಹೋದರೆ ಯಾರಿಗೂ ಗೊತ್ತೇ ಆಗುವುದಿಲ್ಲ. 12 ವೋಲ್ಟಿನಲ್ಲಿ ಅದು ಆರನೇ ಒಂದು ಪಾಲು. ಮನೆ ವೈರಿಂಗ್ ಮಾಡಿ ಕೈ ಪಳಗಿದವರು ಡಿಸಿ ಕೆಲಸದಲ್ಲಿ ಎಡವುವುದು ಇಲ್ಲೇ.

ಡಿಸಿ ಕ್ಲಾಂಪ್ ಮೀಟರ್ ಹಾಕಿದರೆ 8 ಆಂಪ್. ಮಾಮೂಲಿ ಕ್ಲಾಂಪ್ ಮೀಟರ್ ಎಸಿಗೆ ಮಾತ್ರ, ಡಿಸಿ ವೈರಿಗೆ ಹಾಕಿದರೆ ಸೊನ್ನೆಯನ್ನೇ ತೋರಿಸುತ್ತದೆ, ಅದನ್ನು ನೋಡಿ ಪಂಪೇ ಸುಟ್ಟಿದೆ ಅಂದುಕೊಳ್ಳಬೇಡಿ. ಬ್ಯಾಟರಿಯಿಂದ ಪಂಪಿಗೆ 9 ಮೀಟರ್ ದೂರ, ವೈರು 2.5 ಎಂಎಂ. ಹೋಗುವುದು 9, ವಾಪಸ್ ಬರುವುದು 9, ಒಟ್ಟು 18 ಮೀಟರ್ ತಾಮ್ರ. ವಾಪಸ್ ಬರುವ ವೈರನ್ನು ಲೆಕ್ಕಕ್ಕೆ ಹಿಡಿಯದೇ ಇರುವವರು ಬಹಳ. 2.5 ಎಂಎಂ ವೈರಿಗೆ ಮೀಟರಿಗೆ ಸುಮಾರು 7.4 ಮಿಲಿಓಮ್. ಹದಿನೆಂಟು ಮೀಟರಿಗೆ 0.13 ಓಮ್. ಅದರಲ್ಲಿ 8 ಆಂಪ್ ಹರಿದರೆ ಒಂದು ವೋಲ್ಟಿಗಿಂತ ಸ್ವಲ್ಪ ಮೇಲೆ ವೈರಿನಲ್ಲೇ ಹೋಯಿತು. ಉಳಿದ ಮುಕ್ಕಾಲು ವೋಲ್ಟ್ ಎಲ್ಲಿ? ಮೀಟರಿನ ಒಂದು ಕಡ್ಡಿ ಜಾಯಿಂಟಿನ ಈಚೆ, ಇನ್ನೊಂದು ಆಚೆ ಇಟ್ಟು ಹುಡುಕಿದೆ. ಗೋಡೆಯ ಮಧ್ಯೆ ವೈರನ್ನು ಬರೀ ತಿರುಚಿ ಟೇಪ್ ಸುತ್ತಿದ್ದರು, ಬಿಚ್ಚಿದರೆ ತಾಮ್ರ ಹಸಿರು ಹಿಡಿದಿತ್ತು. ಅಲ್ಲಿ 0.4. ಫ್ಯೂಸ್ ಹೋಲ್ಡರಿನಲ್ಲಿ ಉಳಿದದ್ದು, ಮುಟ್ಟಿದರೆ ಬೆಚ್ಚಗಿತ್ತು. ಕೈಗೆ ಬೆಚ್ಚಗೆ ಸಿಗುವ ಜಾಯಿಂಟ್ ಇದ್ದರೆ ಮೀಟರೇ ಬೇಕಿಲ್ಲ, ಕಳ್ಳ ಸಿಕ್ಕ.

ಆದರೂ 10.4ರಲ್ಲಿ ಪಂಪು ತಿರುಗುತ್ತಲ್ಲ, ಸ್ವಲ್ಪವಾದರೂ ನೀರು ಏರಬೇಕಿತ್ತಲ್ಲ ಅಂತ ಸಾಹುಕಾರ್ರು ಕೇಳಿದರು. ಒಳ್ಳೆ ಪ್ರಶ್ನೆ. ಇಂಥ ಪಂಪಿನಲ್ಲಿ ವೋಲ್ಟೇಜ್ ಇಳಿದಷ್ಟೂ ವೇಗ ಇಳಿಯುತ್ತದೆ, ನೀರನ್ನು ಎತ್ತುವ ಎತ್ತರ ಮಾತ್ರ ವೇಗದ ವರ್ಗದಷ್ಟು ಇಳಿಯುತ್ತದೆ. ಪಂಪಿನ ಲೇಬಲ್ಲಿನಲ್ಲಿ 12 ವೋಲ್ಟಿಗೆ 5 ಮೀಟರ್ ಹೆಡ್ ಅಂತಿದೆ, ಅಂದರೆ ನೀರನ್ನು ಎತ್ತಬಲ್ಲ ಹೆಚ್ಚೆಂದರೆ ಎತ್ತರ. 10.4ನ್ನು 12ರಿಂದ ಭಾಗಿಸಿ ವರ್ಗ ಮಾಡಿದರೆ 0.75. ಅಂದರೆ 5 ಮೀಟರ್ ಹೋಗಿ 3.75 ಮೀಟರಿಗೆ ಬಂತು. ಗುಂಡಿಯ ತಳದಿಂದ ಪೈಪಿನ ಮೇಲಿನ ಬೆಂಡಿನವರೆಗೆ ಟೇಪ್ ಹಿಡಿದರೆ 12 ಅಡಿ, 3.7 ಮೀಟರ್. ಜೊತೆಗೆ ಮಧ್ಯದ ನಾನ್ ರಿಟರ್ನ್ ವಾಲ್ವಿನ (ನೀರು ವಾಪಸ್ ಇಳಿಯದಂತೆ ತಡೆಯುವ ವಾಲ್ವ್) ಸ್ಪ್ರಿಂಗನ್ನೂ ತಳ್ಳಬೇಕು. ನೀರು ಬೆಂಡಿನ ಹತ್ತಿರದವರೆಗೆ ಏರಿ ಅಲ್ಲೇ ನಿಂತಿದೆ! ಪಂಪು ಅದನ್ನು ಹೊತ್ತು ನಿಂತುಕೊಂಡು ಸುಮ್ನೆ ತಿರುಗುತ್ತಿದೆ. ಬ್ಯಾಟರಿ ಬದಲಿಸಿದ್ದರೆ ಹೊಸದರಲ್ಲಿ ಪಂಪಿನ ಹತ್ತಿರ 10.4 ಬದಲು 10.6 ಸಿಗುತ್ತಿತ್ತೇನೋ, ಒಂದು ನೂಲಿನಷ್ಟು ನೀರು ಬೀಳುತ್ತಿತ್ತು, ಅಷ್ಟೇ. ಬ್ಯಾಟರಿ ದುಡ್ಡು ಹೋದ ಮೇಲೆ ಪಂಪಿನ ಮೇಲೆ ತಪ್ಪು ಹೊರಿಸುತ್ತಿದ್ದರು.

ಅಂದಹಾಗೆ, ಡಿಸಿ ಪಂಪು ಕೊಳ್ಳುವಾಗ ಡಬ್ಬದ ಮೇಲೆ ಗಂಟೆಗೆ ಇಷ್ಟು ಲೀಟರ್ ಅಂತ ದೊಡ್ಡದಾಗಿ ಬರೆದಿರುತ್ತದಲ್ಲ, ಅದು ಎತ್ತರವೇ ಇಲ್ಲದಾಗಿನ ಲೆಕ್ಕ. ದೋಣಿಯ ತಳದ ನೀರನ್ನು ಪಕ್ಕಕ್ಕೆ ಚೆಲ್ಲಲು ಮಾಡಿದ ಪಂಪುಗಳು ಅವು. ನಿಮ್ಮ ಎತ್ತರಕ್ಕೆ ಎಷ್ಟು ಬರುತ್ತದೆ ಅಂತ ಚಾರ್ಟ್ ಕೇಳಿ ತೆಗೆದುಕೊಳ್ಳಿ.

ಹೊಸದಾಗಿ 10 ಎಂಎಂ ತಾಮ್ರದ ವೈರ್ ಎಳೆದೆ. ಮೀಟರಿಗೆ 1.8 ಮಿಲಿಓಮ್. ತುದಿಗಳಿಗೆ ಲಗ್ಸ್ ಹಾಕಿ ಕ್ರಿಂಪಿಂಗ್ ಟೂಲಿನಲ್ಲೇ ಒತ್ತಿದೆ, ಕಟಿಂಗ್ ಪ್ಲೇಯರಿನಲ್ಲಿ ಜಜ್ಜುವ ಕೆಲಸ ಬೇಡ. ಮಧ್ಯೆ ಒಂದೂ ಜಾಯಿಂಟ್ ಇಲ್ಲ. ಪಂಪಿನ ಜೊತೆ ಬಂದ ವೈರು ಗಿಡ್ಡ, ಅದನ್ನು ಸೇರಿಸುವ ಜಾಗವನ್ನು ಗುಂಡಿಯಿಂದ ಮೇಲೆ, ನೀರು ಮುಟ್ಟದ ಎತ್ತರದಲ್ಲಿ ಡಬ್ಬಿಯೊಳಗೆ ಇಟ್ಟೆ. ಫ್ಯೂಸ್ ಬ್ಯಾಟರಿಯ ಪಾಸಿಟಿವ್ ಕಂಬದಿಂದ ಅರ್ಧ ಅಡಿಯೊಳಗೆ, 15 ಆಂಪ್ ಬ್ಲೇಡ್ ಫ್ಯೂಸ್. ಅದು ಪಂಪಿನ ಹತ್ತಿರ ಇದ್ದರೆ ಮಧ್ಯದಲ್ಲಿ ವೈರ್ ಶಾರ್ಟ್ ಆದಾಗ ಏನೂ ಕಾಪಾಡುವುದಿಲ್ಲ, ಗೋಡೌನು ತುಂಬ ಬಟ್ಟೆ ಬೇರೆ.

ಫ್ಲೋಟ್ ಸ್ವಿಚ್ಚಿನದು ಬೇರೆ ಕಥೆ. ಅದರ ಮೇಲೆ 250 ವೋಲ್ಟ್, 16 ಆಂಪ್ ಅಂತ ಬರೆದಿದೆ, ಹಾಗಾಗಿ 8 ಆಂಪ್ ಡಿಸಿ ಪಂಪನ್ನು ನೇರವಾಗಿ ಅದರ ಮೇಲೇ ಓಡಿಸುತ್ತಿದ್ದರು. ಆದರೆ ಆ ಲೆಕ್ಕ ಎಸಿಗೆ. ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ, ಹಾಗಾಗಿ ಸ್ವಿಚ್ ತೆರೆದಾಗ ಹುಟ್ಟುವ ಕಿಡಿ ತಾನಾಗೇ ಆರುತ್ತದೆ. ಡಿಸಿಯಲ್ಲಿ ಹಾಗೆ ಆರುವುದಿಲ್ಲ, ಪಂಪಿನ ಮೋಟರ್ ಇದ್ದರಂತೂ ಇನ್ನೂ ಜಾಸ್ತಿ, ಕಾಂಟ್ಯಾಕ್ಟ್ ಸುಟ್ಟು ಸುಟ್ಟು ಕೊನೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಗುಂಡಿ ಖಾಲಿಯಾದರೂ ಪಂಪು ನಿಲ್ಲುವುದಿಲ್ಲ, ನೀರಿಲ್ಲದೆ ತಿರುಗಿ ಸೀಲ್ ಹೋಗುತ್ತದೆ. ಪರಿಹಾರ ಅಗ್ಗದ್ದೇ. ಆಟೋ ಸ್ಪೇರ್ ಅಂಗಡಿಯಲ್ಲಿ ಸಿಗುವ 12 ವೋಲ್ಟಿನ ಹೆಡ್‌ಲೈಟ್ ರಿಲೇ, 30 ಆಂಪಿನದು. ಬ್ಯಾಟರಿಯಿಂದ ಫ್ಯೂಸ್ ದಾಟಿ ಬಂದ ವೈರ್ 30ನೇ ಪಿನ್ನಿಗೆ, ಪಂಪಿಗೆ ಹೋಗುವುದು 87ನೇ ಪಿನ್ನಿನಿಂದ, ಫ್ಲೋಟ್ ಬರೀ 85, 86ರ ಕಾಯಿಲ್ ಎಳೆಯುತ್ತದೆ. ಕಾಯಿಲ್ ಎಳೆಯುವುದು ಆಂಪಿನ ಒಂದು ಸಣ್ಣ ಪಾಲು ಮಾತ್ರ, ಫ್ಲೋಟಿಗೆ ಅದು ಲೆಕ್ಕಕ್ಕೇ ಇಲ್ಲ. ಕಾಯಿಲ್ ಆಫ್ ಆಗುವಾಗಿನ ಕಿಡಿ ಫ್ಲೋಟನ್ನು ಸುಡದಿರಲಿ ಅಂತ ಕಾಯಿಲ್ಲಿಗೆ ಅಡ್ಡಲಾಗಿ ಒಂದು 1ಎನ್4007 ಡಯೋಡ್, ಗೆರೆ ಇರುವ ತುದಿ ಪಾಸಿಟಿವ್ ಕಡೆಗೆ.

ಎರಡು ಫ್ಲೋಟಿನ ಮಟ್ಟವನ್ನೂ ಬದಲಿಸಿದೆ. ದೊಡ್ಡ ಪಂಪಿನ ಫ್ಲೋಟ್ ಕೆಳಗೆ, ಬ್ಯಾಟರಿ ಪಂಪಿನದು ಅದಕ್ಕಿಂತ ಒಂದು ಗೇಣು ಮೇಲೆ. ಆಗ ಕರೆಂಟ್ ಇದ್ದೂ ದೊಡ್ಡ ಪಂಪು ಕಟ್ಟಿಕೊಂಡಿದ್ದರೆ ಬ್ಯಾಟರಿ ಪಂಪೇ ಎದ್ದು ಕೆಲಸಕ್ಕೆ ನಿಲ್ಲುತ್ತದೆ. ಕರೆಂಟ್ ಹೋದಾಗ ಮಾತ್ರ ಓಡುವ ಹಾಗೆ ಕಟ್ಟಿದರೆ ಈ ಲಾಭ ಸಿಗುವುದಿಲ್ಲ.

ಪಂಪು ಹಾಕಿ ನೋಡಿದರೆ ಪಂಪಿನ ಹತ್ತಿರ 11.9 ವೋಲ್ಟ್, 9.5 ಆಂಪ್. ಮೇಲೆ ನೀರೂ ಬಂತು. ಸಾಹುಕಾರ್ರಿಗೆ ಖುಷಿಯೋ ಖುಷಿ. ನನಗೆ ಮಾತ್ರ ಸಮಾಧಾನ ಆಗಲಿಲ್ಲ, ಬೀಳುತ್ತಿದ್ದ ನೀರು ತೀರಾ ಕಡಿಮೆ. ಗುಂಡಿಗೆ ಟಾರ್ಚ್ ಬಿಟ್ಟರೆ ದೊಡ್ಡ ಪಂಪಿನ ಸುತ್ತ ನೀರು ಮಿರ್ಚಿ ಬಾಣಲೆಯ ಎಣ್ಣೆಯ ಹಾಗೆ ಕುದಿಯುತ್ತಿದೆ. ಅದರ ಪ್ಲಗ್ ನನ್ನ ಕಣ್ಣೆದುರೇ ಹೊರಗಿದೆ, ಅದು ಓಡುತ್ತಿಲ್ಲ!

ಎರಡು ಪಂಪಿನ ಪೈಪೂ ಮೇಲೆ ಒಂದು ಟೀಯಲ್ಲಿ (ಮೂರು ಬಾಯಿಯ ಪೈಪ್ ಜೋಡಣೆ) ಸೇರಿ ಒಂದೇ ಪೈಪಾಗಿ ಹೊರಗೆ ಹೋಗುತ್ತದೆ. ದೊಡ್ಡ ಪಂಪಿನ ಕಡೆಯ ನಾನ್ ರಿಟರ್ನ್ ವಾಲ್ವ್ ಮುಚ್ಚದಿದ್ದರೆ ಬ್ಯಾಟರಿ ಪಂಪು ಎತ್ತಿದ ನೀರು ಟೀಯಿಂದ ಆಚೆ ಕಾಲಿಗೆ ಇಳಿದು ದೊಡ್ಡ ಪಂಪಿನ ಮೂಲಕ ವಾಪಸ್ ಗುಂಡಿಗೇ ಬೀಳುತ್ತದೆ. ಯೂನಿಯನ್ (ತಿರುಗಿಸಿ ಬಿಚ್ಚಬಹುದಾದ ಪೈಪ್ ಜೋಡಣೆ) ಬಿಚ್ಚಿ ವಾಲ್ವ್ ತೆಗೆದೆ. ಮುಚ್ಚಳದ ಕೆಳಗೆ ನೂಲಿನ ಎಳೆಗಳು, ಸೀರೆ ಕವರಿನ ಪ್ಲಾಸ್ಟಿಕ್ ಚೂರು, ಎಲ್ಲ ಎರೆ ಮಣ್ಣಿನ ಕೆಸರಿನಲ್ಲಿ ಕಲಸಿ ಗಟ್ಟಿಯಾಗಿ ಕೂತಿತ್ತು. ಬಟ್ಟೆ ಗೋಡೌನು, ಕಸ ಗುಡಿಸುವಾಗ ಎಲ್ಲ ಹೋಗುವುದು ಅದೇ ಮೂಲೆಗೆ. ತೊಳೆದು ಹಾಕಬಹುದಿತ್ತು, ರಬ್ಬರ್ ಸೆಡೆದುಕೊಂಡಿದ್ದರಿಂದ ಹೊಸದೇ ಹಾಕಿದೆ. ಎರಡೂ ಕಾಲಿಗೆ ಒಂದೊಂದು, ಎರಡೂ ಟೀಗಿಂತ ಕೆಳಗೆ, ಎರಡಕ್ಕೂ ಯೂನಿಯನ್. ಸಾಲ್ವೆಂಟ್ ಹಾಕಿ ಅಂಟಿಸಿಬಿಟ್ಟರೆ ಮುಂದಿನ ಸಲ ಗರಗಸವೇ ಗತಿ.

ಪಂಪಿಗೂ ವಾಲ್ವಿಗೂ ನಡುವಿನ ಪೈಪಿನಲ್ಲಿ 3 ಎಂಎಂ ತೂತು ಕೊರೆದೆ, ಕೆಳಮುಖವಾಗಿ. ಸ್ವಲ್ಪ ನೀರು ಅಲ್ಲಿಂದ ಚಿಮ್ಮುತ್ತದೆ, ಚಿಮ್ಮಲಿ. ಗುಂಡಿ ಪೂರ್ತಿ ಬತ್ತಿ ಮತ್ತೆ ತುಂಬುವಾಗ ಪಂಪಿನೊಳಗೆ ಸಿಕ್ಕಿಬಿದ್ದ ಗಾಳಿ ಹೊರಗೆ ಹೋಗಲು ಅದೇ ದಾರಿ. ಅದಿಲ್ಲದಿದ್ದರೆ ಪಂಪು ಗಾಳಿಯಲ್ಲೇ ತಿರುಗುತ್ತ ಇರುತ್ತದೆ. ತಳದ ಕೆಸರನ್ನು ಬುಟ್ಟಿಯಲ್ಲಿ ಎತ್ತಿ ಹಾಕಿಸಿ, ಎರಡೂ ಪಂಪನ್ನು ಇಟ್ಟಿಗೆ ಮೇಲೆ ಕೂರಿಸಿ, ಗುಂಡಿಯ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿದೆ.

ಈಗ ಅಳತೆ. ಗುಂಡಿ 60 ಸೆಂಟಿಮೀಟರ್ ಚೌಕ. ನೀರು 10 ಸೆಂಟಿಮೀಟರ್ ಇಳಿದರೆ 36 ಲೀಟರ್. ವಾಲ್ವ್ ಬದಲಿಸುವ ಮೊದಲು ಅಷ್ಟು ಇಳಿಯಲು ಮೂರು ನಿಮಿಷದ ಹತ್ತಿರ ಬೇಕಿತ್ತು, ಈಗ 70 ಸೆಕೆಂಡ್. ನಿಮಿಷಕ್ಕೆ 31 ಲೀಟರ್. ಆಮೇಲೆ ಒಂದು ಜೋರು ಮಳೆ ಬಂದಾಗ ಎರಡೂ ಪಂಪು ನಿಲ್ಲಿಸಿ ನೋಡಿದೆವು, ನೀರು ಮೂರು ನಿಮಿಷಕ್ಕೆ 10 ಸೆಂಟಿಮೀಟರ್ ಏರಿತು, ಅಂದರೆ ನಿಮಿಷಕ್ಕೆ 12 ಲೀಟರ್ ಒಳಬರುತ್ತಿದೆ. ಪಂಪು ಅದರ ಎರಡೂವರೆ ಪಟ್ಟು ಎಳೆಯುತ್ತದೆ, ಸಾಕು.

ಬ್ಯಾಟರಿ ಎಷ್ಟು ಹೊತ್ತು ತಾಳುತ್ತದೆ? 150 ಆಂಪ್ ಅವರ್ ಅನ್ನುವುದು ಸಾಮಾನ್ಯವಾಗಿ 20 ಗಂಟೆಯ ಲೆಕ್ಕ, ಅಂದರೆ 7.5 ಆಂಪ್ ಎಳೆದರೆ. ಜಾಸ್ತಿ ಎಳೆದರೆ ಅಷ್ಟು ಸಿಗುವುದಿಲ್ಲ. ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಬ್ಯಾಟರಿಗೂ ಒಳ್ಳೆಯದು. ಹಾಗಾಗಿ 75ನ್ನು 9.5ರಿಂದ ಭಾಗಿಸಿದರೆ ಎಂಟು ಗಂಟೆಯ ಹತ್ತಿರ. ಪಂಪು ಸತತ ಓಡುವುದಿಲ್ಲ, ಐದರಲ್ಲಿ ಎರಡು ಪಾಲು ಹೊತ್ತು ಮಾತ್ರ. ಅಂಥ ಮಳೆ ಬಿಡದೆ ಹೊಡೆದರೂ 20 ಗಂಟೆ ಸಿಗಬೇಕು, ಬ್ಯಾಟರಿ ಹೊಸದಾಗಿದ್ದರೆ.

ಇದು ಹೊಸದಲ್ಲ. ಮುಚ್ಚಳ ತೆಗೆದು ನೋಡಿದರೆ ನೀರು ಪ್ಲೇಟಿನ ಮಟ್ಟಕ್ಕೆ ಬಂದಿತ್ತು. ಕಾರಣ ಚಾರ್ಜರ್. ಅದು ಹಗಲೂ ರಾತ್ರಿ 15 ವೋಲ್ಟಿಗಿಂತ ಮೇಲೆ ಕೊಡುತ್ತ ಕೂತಿತ್ತು, ಬ್ಯಾಟರಿ ಒಳಗೇ ಕುದಿದು ನೀರು ಆರುತ್ತಿತ್ತು. ತುಂಬಿದ ಮೇಲೆ 13.6 ಸುತ್ತ ಇಳಿದು ನಿಲ್ಲುವ ಚಾರ್ಜರ್ ಬೇಕು, 150 ಆಂಪ್ ಅವರಿಗೆ 15 ಆಂಪಿನದು. ಅದನ್ನು ತರಿಸಿ ಹಾಕಿದೆ. ಡಿಸ್ಟಿಲ್ಡ್ ವಾಟರ್ ಮಾತ್ರ ತುಂಬಿಸಿದೆ. ಬೋರಿನ ನೀರೂ ಬೇಡ, ಆಸಿಡ್ಡೂ ಬೇಡ. ಆರಿ ಹೋಗುವುದು ನೀರು, ಆಸಿಡ್ ಅಲ್ಲೇ ಇರುತ್ತದೆ. ನೀರು ಹಾಕಿದ ಕೂಡಲೇ ಆಸಿಡ್ಡಿನ ಸಾಂದ್ರತೆ ತೋರಿಸುವ ಹೈಡ್ರೋಮೀಟರ್ ಇಡಬಾರದು, ಮೇಲಿನ ತಿಳಿ ನೀರು ಸುಳ್ಳು ಹೇಳುತ್ತದೆ. ಪೂರ್ತಿ ಚಾರ್ಜ್ ಆದ ಮೇಲೆ ನೋಡಿದೆ. ಐದು ಸೆಲ್ಲು 1.230ರಿಂದ 1.235, ಒಂದು ಮಾತ್ರ 1.210. ಈ ಬ್ಯಾಟರಿಯ ಲೇಬಲ್ಲಿನಲ್ಲಿರುವುದು 1.240. ಕಿಟಕಿ ತೆರೆದಿಟ್ಟು, ಪಕ್ಕದಲ್ಲಿ ಯಾರೂ ಬೀಡಿ ಹಚ್ಚದಂತೆ ನೋಡಿಕೊಂಡು, ಕೆಲವು ಗಂಟೆ 15 ವೋಲ್ಟಿನಲ್ಲಿ ಬಿಟ್ಟಾಗ ಹಿಂದುಳಿದ ಸೆಲ್ಲು 1.225ಕ್ಕೆ ಬಂತು. ಆಗ ಹೊರಬರುವುದು ಹೈಡ್ರೋಜನ್, ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೆ ಕಿಡಿಗೆ ಹತ್ತಿಕೊಳ್ಳುತ್ತದೆ.

ಲೋಡ್ ಟೆಸ್ಟಿಗೆ ಪಂಪನ್ನೇ ಗಂಟೆಗಟ್ಟಲೆ ಓಡಿಸುವುದು ಕಷ್ಟ, ಅಷ್ಟು ನೀರು ಎಲ್ಲಿಂದ ತರುವುದು? 55 ವಾಟ್ ಕಾರ್ ಹೆಡ್‌ಲೈಟ್ ಬಲ್ಬ್ ಎರಡು ಜೋಡಿಸಿದರೆ ಒಂಬತ್ತು ಆಂಪ್ ದಾಟುತ್ತದೆ, ಪಂಪಿನಷ್ಟೇ ಲೋಡ್. ಬಲ್ಬ್ ಕೆಂಡದ ಹಾಗೆ ಸುಡುತ್ತದೆ, ಬಟ್ಟೆಯಿಂದ ದೂರ ಹೊರಗೆ ಇಟ್ಟೆ. ಎರಡು ಗಂಟೆ ಉರಿದ ಮೇಲೂ, ಉರಿಯುತ್ತಿರುವಾಗಲೇ 12.1. ಕಾಲು ಗಂಟೆಯಲ್ಲಿ 11.5ಕ್ಕೆ ಜಾರಿದ್ದರೆ ನಾನೇ ಹೊಸದು ಬರೆದುಕೊಡುತ್ತಿದ್ದೆ. "ಈ ವರ್ಷ ಇದೇ ಸಾಕು ಸಾಹುಕಾರ್ರೇ, ಬ್ಯಾಟರಿ ದುಡ್ಡಲ್ಲಿ ವೈರೂ ಚಾರ್ಜರೂ ಬಂತು ಅಂದ್ಕೊಳ್ಳಿ" ಅಂದೆ.

ಕಂಬದ ಮೇಲಿನ ಬಿಳಿ ಪುಡಿಯನ್ನು ಅಡುಗೆ ಸೋಡಾ ನೀರಲ್ಲಿ ತೊಳೆದು, ಒರೆಸಿ, ಬಿಗಿದು ಆಮೇಲೆ ವ್ಯಾಸಲೀನ್ ಸವರಿದೆ. ಸೋಡಾ ನೀರು ಒಂದು ಹನಿಯೂ ಸೆಲ್ಲಿನ ಒಳಗೆ ಬೀಳಬಾರದು. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಕೈಯಲ್ಲಿ ಉಂಗುರ, ಕಡಗ ಇದ್ದರೆ ತೆಗೆದಿಡಿ. ಬ್ಯಾಟರಿಯನ್ನು ನೆಲದ ಮೇಲೆ ಇಟ್ಟಿದ್ದರು, ನೀರು ಏರಿದರೆ ಮೊದಲು ಮುಳುಗುವುದು ಅದೇ. ಆಂಗಲ್ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ಸೊಂಟದೆತ್ತರಕ್ಕೆ ಏರಿಸಿದೆವು.

ಅಂಗಡಿ ಹುಡುಗನಿಗೆ ಕಲಿಸಿಕೊಟ್ಟದ್ದು ಒಂದೇ ಕೆಲಸ. ತಿಂಗಳಿಗೊಮ್ಮೆ ದೊಡ್ಡ ಪಂಪಿನ ಪ್ಲಗ್ ತೆಗೆದು, ಗುಂಡಿಗೆ ಬಕೆಟ್ಟಿನಲ್ಲಿ ನೀರು ಸುರಿದು, ಬ್ಯಾಟರಿ ಪಂಪು ತಾನಾಗೇ ಎದ್ದು ತಾನಾಗೇ ನಿಲ್ಲುವವರೆಗೆ ನೋಡುವುದು. ಫ್ಲೋಟನ್ನು ಕೈಯಿಂದ ಎತ್ತಿ ನೋಡಿದರೆ ಅದು ಟೆಸ್ಟ್ ಅಲ್ಲ, ಫ್ಲೋಟ್ ಪೈಪಿಗೆ ಸಿಕ್ಕಿಕೊಂಡಿದ್ದರೆ ಹಾಗೆ ಗೊತ್ತಾಗುವುದಿಲ್ಲ. 10 ಸೆಂಟಿಮೀಟರಿನ ಎರಡು ಗೆರೆ ಗುಂಡಿಯ ಗೋಡೆಗೆ ಪೇಂಟ್ ಮಾಡಿದ್ದೇನೆ, ಇಳಿಯಲು ಹಿಡಿದ ಸೆಕೆಂಡನ್ನು ಮೊಬೈಲಿನಲ್ಲಿ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾನೆ. 70 ಇದ್ದದ್ದು 100 ಆದರೆ ಜಾಲರಿ, ವಾಲ್ವ್, ವೈರು, ಈ ಕ್ರಮದಲ್ಲಿ ನೋಡು, ಬ್ಯಾಟರಿ ಕೊನೆಗೆ ಅಂತ ಹೇಳಿದ್ದೇನೆ. ಡಿಸ್ಟಿಲ್ಡ್ ವಾಟರ್ ಮಟ್ಟವನ್ನು ಆವತ್ತೇ ನೋಡುತ್ತಾನೆ. ಕೆಸರು ಎತ್ತುವುದು ಮುಂಗಾರಿಗೆ ಮೊದಲು ಒಂದು ಸಲ, ಹಿಂಗಾರಿಗೆ ಮೊದಲು ಒಂದು ಸಲ.

ಬಾಕಿ ಇರುವುದು ಬಜರ್. ಬ್ಯಾಟರಿ ಪಂಪಿನ ಫ್ಲೋಟಿಗಿಂತಲೂ ಮೇಲೆ ಮೂರನೇ ಫ್ಲೋಟ್ ಇಟ್ಟು, 12 ವೋಲ್ಟಿನ ಬಜರನ್ನು ಮೇಲೆ ಗಲ್ಲಾಪೆಟ್ಟಿಗೆ ಹತ್ತಿರ ಹಾಕಬೇಕು ಅಂತ ಹೇಳಿದೆ. "ರಾತ್ರಿ ಬಡಕೊಂಡ್ರೆ ಯಾರು ಕೇಳ್ತಾರೆ ತಮ್ಮಾ" ಅಂದರು ಸಾಹುಕಾರ್ರು. ಅದೂ ನಿಜ. ಅಂಗಡಿ ಮೇಲಿನ ಮನೆಯವರೆಗೆ ವೈರ್ ಎಳೆಯಲು ಅವರ ಮಗ ಒಪ್ಪಿದ್ದಾನೆ, ಬಜರಿಗೆ ಎರಡೂವರೆ ಎಂಎಂ ವೈರೂ ಬೇಡ, ಬೆಲ್ ವೈರ್ ಸಾಕು.